ಎಂಟನೆಯ ಸಾಲು ಯಾರದು?

ಸರ್ಕಾರದಿಂದ ಇನ್ನಷ್ಟು ದುಡ್ಡು ಬರಲಿ ಎಂದು ಜಗಳ ಆಡುವವರನ್ನು ನಾನು ದಿನಾ ನೋಡುತ್ತೇನೆ. ಬಂದದ್ದು ಹೆಚ್ಚಾಯಿತು, ಸ್ವಲ್ಪ ಕಡಿಮೆ ಮಾಡಿ ಎಂದು ಜಗಳ ಆಡುವವರನ್ನು ಮಾತ್ರ ಒಬ್ಬರನ್ನೇ ನೋಡಿದ್ದೇನೆ. ನನ್ನ ಗ್ರಹಚಾರ ನೋಡಿ, ಆ ಒಬ್ಬರು ನನಗೆ ಮಾವ ಆಗಬೇಕು!

ಮಾವ ಎಂದರೆ ಹೆಣ್ಣು ಕೊಟ್ಟ ಮಾವ ಅಲ್ಲ, ನಮ್ಮಪ್ಪನ ತಂಗಿಯ ಗಂಡ. ಹೆಣ್ಣು ಕೊಟ್ಟ ಮಾವನಾಗಿದ್ದರೆ ಎದುರಿಗೆ ಕೈಕಟ್ಟಿ ನಿಂತು ಬೆನ್ನ ಹಿಂದೆ ಬೈಯಬೇಕಾಗುತ್ತಿತ್ತು. ಸೋದರತ್ತೆಯ ಗಂಡನಾದ್ದರಿಂದ ಎದುರಿಗೇ ಬೈಯುವ ಸ್ವಾತಂತ್ರ್ಯವಿದೆ. ಅದನ್ನು ನಾನು ಧಾರಾಳವಾಗಿ ಬಳಸಿಕೊಂಡಿದ್ದೇನೆ.

ನಂಜನಗೂಡಿನಲ್ಲಿ ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಹೆಸರಿಗೆ ಜೆರಾಕ್ಸ್. ಪಹಣಿ ತೆಗೆದುಕೊಡುವುದು, ಆಧಾರ್ ಜೋಡಿಸುವುದು, ರೈತರ ನೋಂದಣಿ ಮಾಡುವುದು, ಬೆಳೆ ಪರಿಹಾರ ಬಂತೋ ಇಲ್ಲವೋ ಎಂದು ಇಣುಕಿ ಹೇಳುವುದು, ಇದೇ ನನ್ನ ಹೊಟ್ಟೆಪಾಡು. ಮಾವನ ಊರು ಚಿಕ್ಕಯ್ಯನಛತ್ರ ಹೋಬಳಿಯಲ್ಲಿ. ಅಲ್ಲಿ ಮಳೆ ನಂಬಿದ ಎರಡು ಎಕರೆ ಖುಷ್ಕಿ ಹೊಲ. ವಾರಕ್ಕೊಂದು ಸಲ ಬಸ್ಸಿಳಿದು, ಹಣೆಯ ವಿಭೂತಿ ಬೆವರಿಗೆ ಕರಗಿರುವ ಹಾಗೆಯೇ, ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ಹಿಡಿದು ನನ್ನ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ತಕರಾರು ಒಂದೇ. ಹೊಲದ ಎಂಟನೆಯ ಸಾಲು ತನ್ನದಲ್ಲ, ತನ್ನ ಹೆಂಡತಿಯದು, ಸರ್ಕಾರ ಅದನ್ನು ಹಾಗೆಯೇ ಬರೆದುಕೊಳ್ಳಬೇಕು!

ಇದೇನು ಎಂಟನೆಯ ಸಾಲು ಎಂದು ಪೇಟೆಯವರು ಕೇಳಬಹುದು. ನಮ್ಮ ಕಡೆಯ ಹೊಲದಲ್ಲಿ ಹಿಂದೆಲ್ಲ ರಾಗಿಯೊಂದನ್ನೇ ಯಾರೂ ಬಿತ್ತುತ್ತಿರಲಿಲ್ಲ. ಏಳು ಸಾಲು ರಾಗಿ, ಎಂಟನೆಯದಕ್ಕೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಹೀಗೆ ಮನೆಗೆ ಬೇಕಾದ್ದೆಲ್ಲ. ಅದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ. ರಾಗಿ ಗಂಡಸಿನದು, ಅಕ್ಕಡಿ ಹೆಂಗಸಿನದು. ಬೂದಿ ಸವರಿ ಬೀಜ ಕಾಪಾಡುವವಳು ಅವಳು, ನೇಗಿಲ ಹಿಂದೆ ಮಡಿಲಿನಿಂದ ಬೀಜ ಬಿಡುವವಳು ಅವಳು, ಬಿಡಿಸಿ ಬಡಿದು ಕೇರುವವಳೂ ಅವಳೇ. ಮಾರಿದರೆ ಬಂದ ಕಾಸು ಅವಳ ಸೆರಗಿನ ಗಂಟಿಗೆ. ಗಂಡನಾದವನು ಆ ಗಂಟಿನ ವಿಚಾರ ಕೇಳುವ ಹಾಗಿಲ್ಲ. ಈಗ ಇದನ್ನೆಲ್ಲ ಎಷ್ಟು ಮನೆಯವರು ನಡೆಸುತ್ತಾರೋ ಗೊತ್ತಿಲ್ಲ, ನಮ್ಮ ಮಾವನ ಮನೆಯಲ್ಲಿ ಮಾತ್ರ ನಡೆಯುತ್ತದೆ.

ಮಾವನ ಸ್ವಭಾವ ನಿಮಗೆ ಅರ್ಥವಾಗಬೇಕಾದರೆ ಮೊದಲು ಟಾರ್ಪಾಲಿನ ಕತೆ ಕೇಳಬೇಕು. ಒಂದು ವರ್ಷ ರೈತರಿಗೆ ಸಬ್ಸಿಡಿಯಲ್ಲಿ ಟಾರ್ಪಾಲು ಕೊಡುತ್ತಿದ್ದರು. ಅತ್ತೆ ಪಹಣಿ, ಆಧಾರ್ ಎಲ್ಲ ಕೈಗಿಟ್ಟು ಮಾವನನ್ನು ಕಳಿಸಿದರು. ಮಾವ ಸಂಜೆ ಬರಿಗೈಯಲ್ಲಿ ವಾಪಸ್! ಏಕೆಂದರೆ ಮನೆಯಲ್ಲಿರುವ ಹಳೆಯ ಟಾರ್ಪಾಲು ಇನ್ನೂ ಹರಿದಿಲ್ಲವಂತೆ. ಹರಿಯದ್ದನ್ನು ಮನೆಯಲ್ಲಿಟ್ಟುಕೊಂಡು ಹೊಸದಕ್ಕೆ ಸರ್ಕಾರದ ದುಡ್ಡು ತೆಗೆದುಕೊಂಡರೆ ನಿಜವಾಗಿ ಹರಿದವನಿಗೆ ಮೋಸವಂತೆ. ಅತ್ತೆ ಕುಡುಗೋಲು ತೆಗೆದುಕೊಂಡು ಹಿತ್ತಿಲಿಗೆ ಹೋದರು. ಐದು ನಿಮಿಷಕ್ಕೆ ಬಂದು, "ಈಗ ಅರ್ದದೆ. ನಾಳಿಕ್ಕೆ ಓಗಿ ತಕಂಬನ್ನಿ" ಎಂದರು.

ಮಾವ ಮಾರನೆಯ ದಿನ ಹೋದದ್ದೇನೋ ನಿಜ. ಆದರೆ ಹಳೆಯದು ಹೇಗೆ ಹರಿಯಿತು ಎಂದು ಯಾರೂ ಕೇಳದೆ ಇದ್ದರೂ, ಕೌಂಟರಿನಲ್ಲಿ ಕೂತಿದ್ದವರಿಗೆ, ನಮ್ಮ ಮನೆಯವಳು ನೆನ್ನೆ ಸಂಜೆ ಕುಡುಗೋಲಿನಿಂದ ಸೀಳಿದಳು ಎಂದು ವಿವರವಾಗಿ ಹೇಳಿ ಬಂದರು. ಆ ಮನುಷ್ಯ ನಗಬೇಕೋ ಬಿಡಬೇಕೋ ತಿಳಿಯದೆ ಟಾರ್ಪಾಲು ಕೊಟ್ಟು ಕಳಿಸಿದರಂತೆ. ಅತ್ತೆ ಆಮೇಲೆ ಆರು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ಒಂದು ವರ್ಷ ರಾಗಿ ಕುಯ್ದು ಹೊಲದಲ್ಲಿ ಹಾಸಿದ್ದ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಐದು ದಿನ ಬಿಡಲಿಲ್ಲ. ತೆನೆಯಲ್ಲೇ ಮೊಳಕೆ ಬಂತು. ಊರಿನವರ ರಾಗಿಯೆಲ್ಲ ಹೋಯಿತು, ಮಾವನದೂ ಹೋಯಿತು. ಹಾನಿ ನೋಡಲು ಕಂದಾಯ ಇಲಾಖೆಯ ಅಧಿಕಾರಿಯೊಬ್ಬರು ಬಂದರು. ಒಳ್ಳೆಯ ಮನುಷ್ಯ, ಕೆಸರಿನಲ್ಲಿ ಬೂಟು ಕೈಯಲ್ಲಿ ಹಿಡಿದು ಹೊಲ ಹೊಲ ತಿರುಗಿದರು. ಮಾವನ ಹೊಲದ ಹತ್ತಿರ ಬಂದು, ಪೂರ್ತಿ ಎರಡು ಎಕರೆ ಹಾನಿ ಎಂದು ಬರೆದುಕೊಳ್ಳಲು ಶುರು ಮಾಡಿದರು.

"ಎರಡೆಕ್ರೆ ಓಗಿಲ್ಲ ಸಾ. ಎಂಟನೇ ಸಾಲು ನಿಂತದೆ ನೋಡಿ" ಎಂದರು ಮಾವ.

ನಿಂತಿತ್ತು, ಸುಳ್ಳಲ್ಲ. ಅವರೆ ಹೂವು ಕಾಯಿಯಲ್ಲಿತ್ತು, ತೊಗರಿ ಎದೆಮಟ್ಟ ಬಂದಿತ್ತು. ಅಧಿಕಾರಿ, ಪರವಾಗಿಲ್ಲ ಯಜಮಾನ್ರೇ, ಮುಖ್ಯ ಬೆಳೆ ರಾಗಿ ತಾನೇ, ಅದು ಹೋದರೆ ಹೋದ ಹಾಗೇ ಲೆಕ್ಕ ಎಂದು ಸಮಾಧಾನ ಹೇಳಿದರು. ಮಾವ ಬಿಡಬೇಕಲ್ಲ? ಏಳು ಸಾಲು ನನ್ನದು, ಅದು ಹೋಯಿತು, ಎಂಟನೆಯದು ನಮ್ಮ ಮನೆಯವಳದು, ಅವಳ ಬೆಳೆ ಕಣ್ಣೆದುರು ನಿಂತಿರುವಾಗ ಹೋಯಿತು ಎಂದು ನಾನು ಹೇಗೆ ರುಜು ಹಾಕಲಿ ಎಂದು ಹಟ ಹಿಡಿದರು. ಅವಳ ಹೆಸರಿನಲ್ಲಿ ಬೇರೆ ಬರೆದುಕೊಳ್ಳಿ, ನಷ್ಟ ಇಲ್ಲ ಎಂದೂ ಬರೆದುಕೊಳ್ಳಿ ಎಂದರು. ಅಕ್ಕಪಕ್ಕದ ಹೊಲದವರು ಓಡಿಬಂದರು. ಅವರ ಹೊಲದಲ್ಲೂ ಅಲ್ಲೊಂದು ಇಲ್ಲೊಂದು ಅವರೆ ಗಿಡ ಇದ್ದವಲ್ಲ! ಇಬ್ಬರು ಹಿಂದಿನಿಂದ ಮಾವನ ಅಂಗಿ ಜಗ್ಗಿದರು. ಒಬ್ಬರು, ಬಿಸಿಲಿಗೆ ತಲೆ ತಿರುಗಿರಬೇಕು ಎಂದು ಕುಡಿಯಲು ನೀರು ತಂದುಕೊಟ್ಟರು. ಅಧಿಕಾರಿ ಎರಡು ಎಕರೆ ಎಂದೇ ಬರೆದುಕೊಂಡು ಬೇಗ ಬೇಗ ಮುಂದಿನ ಹೊಲಕ್ಕೆ ಹೋದರು.

ಕೆಲವು ತಿಂಗಳಿಗೆ ದುಡ್ಡು ಬಂತು. ದುಡ್ಡಿನ ಹಿಂದೆಯೇ ಮಾವ ಬಂದರು, ನನ್ನ ಅಂಗಡಿಗೆ.

"ಎಂಟ್ರಲ್ಲಿ ಒಂದು ಭಾಗ ವಾಪಸ್ ಕಳ್ಸು ಅಳಿಯ" ಎಂದರು.

ನಾನು ಹದಿನೈದು ವರ್ಷದಿಂದ ಅರ್ಜಿ ತುಂಬುತ್ತಿದ್ದೇನೆ. ದುಡ್ಡು ಬಂದಿಲ್ಲ ಎಂಬ ಅರ್ಜಿ ಇದೆ, ಕಡಿಮೆ ಬಂದಿದೆ ಎಂಬ ಅರ್ಜಿ ಇದೆ, ಬೇರೆಯವರ ಖಾತೆಗೆ ಹೋಗಿದೆ ಎಂಬ ಅರ್ಜಿಯೂ ಇದೆ. ಹೆಚ್ಚು ಬಂದಿದೆ, ವಾಪಸ್ ತೆಗೆದುಕೊಳ್ಳಿ ಎಂಬ ಅರ್ಜಿಯ ನಮೂನೆ ನನ್ನ ಹತ್ತಿರ ಇರಲಿಲ್ಲ. ಯಾರೂ ಕೇಳಿರಲಿಲ್ಲ! ಅಂಗಡಿಯಲ್ಲಿ ಬೇರೆ ಹತ್ತು ಜನ ಕಾಯುತ್ತಿದ್ದರು. ನನಗೆ ರೇಗಿಹೋಯಿತು. ಒಂದು ಸಾಲು ಅವರೆ ಗಂಡನದಾದರೇನು ಹೆಂಡತಿಯದಾದರೇನು, ಸಾರು ಮಾಡಿದರೆ ಇಬ್ಬರೂ ತಿನ್ನುವುದಿಲ್ಲವೇ, ನಿಮಗೆ ಮಾಡಲು ಕೆಲಸ ಇಲ್ಲವೇ ಎಂದು ಗದರಿಬಿಟ್ಟೆ.

ಮಾವ ಪ್ಲಾಸ್ಟಿಕ್ ಕವರಿನಿಂದ ಒಂದು ಹಳೆಯ ಕಾಗದ ತೆಗೆದು ನನ್ನ ಮುಂದಿಟ್ಟರು. ಎರಡು ವರ್ಷದ ಹಿಂದೆ ಅವರಿಬ್ಬರಿಗೂ ಆಸ್ಪತ್ರೆ ಕಾರ್ಡಿಗೆಂದು ನಾನೇ ತುಂಬಿಕೊಟ್ಟಿದ್ದ ಅರ್ಜಿಯ ನಕಲು. ಉದ್ಯೋಗ ಎಂಬಲ್ಲಿ ಮಾವನ ಹೆಸರಿನ ಮುಂದೆ ವ್ಯವಸಾಯ ಎಂದಿತ್ತು. ಅತ್ತೆಯ ಹೆಸರಿನ ಮುಂದೆ ಮನೆಕೆಲಸ ಎಂದಿತ್ತು.

ಅತ್ತೆ ಅವತ್ತು ನನ್ನ ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದರು. ಅವರನ್ನು ಕೇಳಬೇಕು ಎಂದು ನನಗೆ ಅನ್ನಿಸಲೇ ಇಲ್ಲ. ಬಂದ ಹೆಂಗಸರಿಗೆಲ್ಲ ಹಾಗೆಯೇ ಟೈಪ್ ಮಾಡುತ್ತಿದ್ದೆ, ಬೆರಳಿಗೆ ಅಭ್ಯಾಸವಾಗಿಹೋಗಿತ್ತು. ಮನೆಗೆ ಹೋದ ಮೇಲೆ ಅತ್ತೆ ಆ ಕಾಗದವನ್ನು ಮಾವನಿಂದ ಓದಿಸಿಕೊಂಡರಂತೆ. ರಾತ್ರಿ ಊಟಕ್ಕೆ ಬಡಿಸುವಾಗ ಒಂದೇ ಮಾತು ಹೇಳಿದರಂತೆ: ಹಾಗಾದರೆ ನಲವತ್ತು ವರ್ಷ ಹೊಲದಲ್ಲಿ ನಾನು ಏನು ಮಾಡಿದೆ ಅಂತ?

"ಅವ್ಳು ಕೇಳಿದ್ದು ಸರೀಗದೆ ಕಣ್ಲಾ" ಎಂದರು ಮಾವ. "ಅವ್ಳೂ ರೈತ್ಳು ಅಂತ ಸರ್ಕಾರದ ಒಂದ್ ಕಾಗ್ದದಲ್ಲಾದ್ರೂ ಬರ್ಬೇಕು. ಅಷ್ಟೇಯ."

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಮನುಷ್ಯ ಬೇಡದ್ದೆಲ್ಲ ಮಾತಾಡುತ್ತಾನೆ. ಸರ್ಕಾರದ ಕಣ್ಣಿಗೆ ಪಹಣಿಯಲ್ಲಿ ಹೆಸರಿದ್ದವನೇ ರೈತ, ಅತ್ತೆಯ ಹೆಸರು ಬರಬೇಕಾದರೆ ಅವರ ಹೆಸರಿಗೆ ಜಮೀನು ಬರೆಯಬೇಕು, ಬೇರೆ ದಾರಿಯೇ ಇಲ್ಲ ಎಂದೆ. ಮಾವ ಅಲ್ಲಿಗೆ ಸುಮ್ಮನಾಗುತ್ತಾರೆ ಎಂದುಕೊಂಡಿದ್ದೆ. ಈ ಪ್ರಪಂಚದಲ್ಲಿ ಯಾರಾದರೂ ಜಮೀನು ಬರೆಯುವುದೆಂದರೆ ಹೂಂ ಎನ್ನುತ್ತಾರೆಯೇ?

ಮಾವ ಹೂಂ ಎಂದರು! ಮಾರನೆಯ ದಿನವೇ ಹೊಲಕ್ಕೆ ಹೋಗಿ ಸಾಲು ಎಣಿಸಿದರು. ಎರಡು ಎಕರೆಗೆ ಎಂಬತ್ತು ಗುಂಟೆ, ಎಂಟರಲ್ಲಿ ಒಂದು ಭಾಗ ಎಂದರೆ ಹತ್ತು ಗುಂಟೆ. ಹೆಸರು ಬರುವುದೇ ಮುಖ್ಯ ತಾನೇ, ಎರಡು ಗುಂಟೆ ಬರೆದರೂ ಸಾಕು, ಖರ್ಚು ಕಡಿಮೆ ಎಂದು ನಾನು ಸಲಹೆ ಕೊಟ್ಟೆ. ಅವರು ನನ್ನನ್ನು ಕಳ್ಳನನ್ನು ನೋಡುವ ಹಾಗೆ ನೋಡಿದರು.

ಸುದ್ದಿ ಮೊದಲು ಮುಟ್ಟಿದ್ದು ಅತ್ತೆಗೆ. ನೀವು ಅವರಿಗೆ ಸಂತೋಷವಾಯಿತು ಎಂದುಕೊಂಡಿರಾ? ಅತ್ತೆಗೆ ಜೀವವೇ ಹೋಯಿತು. ಗಟ್ಟಿಮುಟ್ಟಾದ ಗಂಡಸು ಇದ್ದಕ್ಕಿದ್ದ ಹಾಗೆ ಹೆಂಡತಿಯ ಹೆಸರಿಗೆ ಹೊಲ ಬರೆಯುತ್ತಾನೆಂದರೆ ಏನರ್ಥ? ಏನೋ ದೊಡ್ಡ ಕಾಯಿಲೆ ಬಂದಿದೆ, ನನಗೆ ಹೇಳದೆ ಮುಚ್ಚಿಟ್ಟಿದ್ದಾರೆ! ಒಂದು ವಾರ ಅನ್ನ ನೀರು ಬಿಟ್ಟರು. ಕೊನೆಗೆ ಮಾವನನ್ನು ಎಳೆದುಕೊಂಡು ನಂಜನಗೂಡಿನ ಡಾಕ್ಟರ ಹತ್ತಿರ ಬಂದರು, ಜೊತೆಗೆ ನನ್ನನ್ನೂ ಕರೆದರು. ಡಾಕ್ಟರು ಏನು ತೊಂದರೆ ಎಂದು ಕೇಳಿದರು.

"ಒಲ ಬರ್ಕೊಡ್ತೀನಿ ಅಂತಾವ್ರೆ ಸಾ" ಎಂದರು ಅತ್ತೆ.

ಡಾಕ್ಟರು ರಕ್ತ ನೋಡಿದರು, ಎದೆ ನೋಡಿದರು, ನಾಲಿಗೆ ಹೊರಗೆ ಹಾಕಿಸಿದರು. ಎಲ್ಲ ಸರಿಯಾಗಿತ್ತು. ನನ್ನ ಸರ್ವಿಸಿನಲ್ಲಿ ಈ ಕಾಯಿಲೆ ಇದೇ ಮೊದಲು, ಇದಕ್ಕೆ ಔಷಧ ಇಲ್ಲ, ಆದರೆ ಜೀವಕ್ಕೇನೂ ಅಪಾಯ ಇಲ್ಲ ಎಂದು ಹೇಳಿ ಕಳಿಸಿದರು. ಅತ್ತೆ ನಂಬಲಿಲ್ಲ. ದಾರಿಯಲ್ಲಿ ದೇವಸ್ಥಾನಕ್ಕೆ ಹೋಗಿ ನಂಜುಂಡೇಶ್ವರನಿಗೆ ಹರಕೆ ಕಟ್ಟಿಕೊಂಡೇ ಬಸ್ಸು ಹತ್ತಿದರು.

ಎರಡನೆಯದಾಗಿ ಸುದ್ದಿ ಮುಟ್ಟಿದ್ದು ಊರಿಗೆ. ಊರಿನವರು ಕಾಯಿಲೆಯ ತನಕ ಹೋಗಲಿಲ್ಲ, ಅವರಿಗೆ ಬೇರೆ ಅರ್ಥ ಹೊಳೆಯಿತು. ಸರ್ವೆಯವರು ಬಂದು ಹೊಲದ ನಡುವೆ ಸರಪಳಿ ಹಿಡಿದ ದಿನವೇ, ಗಂಡ ಹೆಂಡತಿ ಭಾಗ ಆಗುತ್ತಿದ್ದಾರೆ ಎಂದು ನಿಶ್ಚಯವಾಯಿತು. ಈ ವಯಸ್ಸಿನಲ್ಲಿ! ಕಾರಣವನ್ನೂ ಊರಿನವರೇ ಒದಗಿಸಿಕೊಂಡರು. ಟಾರ್ಪಾಲು ಸೀಳಿದ್ದಕ್ಕೆ ಎಂದರು ಕೆಲವರು. ಮಾತು ಬಸ್ಸು ಹತ್ತಿ ತಿ. ನರಸೀಪುರ ದಾಟಿ ಸೋಮನಾಥಪುರದ ಮಗ್ಗುಲಿನ ನಮ್ಮೂರಿಗೆ, ಅಂದರೆ ಅತ್ತೆಯ ತೌರಿಗೆ ಹೋಯಿತು. ನಮ್ಮಪ್ಪನಿಗೆ ಕೇಳಿದ ಮಾತಿದು: ನಿನ್ನ ತಂಗಿಗೆ ಹತ್ತು ಗುಂಟೆ ಬಿಸಾಕಿ ಮನೆಯಿಂದ ಆಚೆಗೆ ಹಾಕುತ್ತಿದ್ದಾರೆ.

ನಮ್ಮಪ್ಪ ನಾಲೆ ಬಯಲಿನ ಭತ್ತದ ರೈತ. ಮೊದಲಿನಿಂದಲೂ ಖುಷ್ಕಿ ಹೊಲದವರ ಮೇಲೆ ಒಂದು ಸಣ್ಣ ತಾತ್ಸಾರ. ಅನ್ನ ಉಣ್ಣುವ ಊರಿನಿಂದ ಮುದ್ದೆ ನುಂಗುವ ಊರಿಗೆ ತಂಗಿಯನ್ನು ಕೊಟ್ಟೆನಲ್ಲ ಎಂಬ ಕೊರಗು ಮದುವೆಯ ದಿನದಿಂದ ಇತ್ತು. ಕೇಳಬೇಕೇ? ಇಬ್ಬರು ಹಿರಿಯರನ್ನು ಕಟ್ಟಿಕೊಂಡು, ಬಾಡಿಗೆ ಕಾರು ಮಾಡಿಕೊಂಡು ಬಂದರು. ನಂಜನಗೂಡಿನಲ್ಲಿ ನನ್ನನ್ನೂ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ನಾನು ವಿಷಯ ಹೇಳಲು ಬಾಯಿ ತೆರೆದಾಗಲೆಲ್ಲ ಅಪ್ಪ, ದೊಡ್ಡವರ ಮಧ್ಯೆ ಬಾಯಿ ಹಾಕಬೇಡ ಎಂದರು. ನನಗೆ ನಲವತ್ತೆರಡು ವರ್ಷ.

ಮಾವನ ಜಗುಲಿಯ ಮೇಲೆ ನ್ಯಾಯ ಸೇರಿತು. ಮಾವನ ಊರಿನ ನಾಲ್ಕು ಜನ, ನಮ್ಮೂರಿನ ಮೂರು ಜನ. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು. ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, ಸಂಸಾರ ಎಂದ ಮೇಲೆ ಒಂದು ಮಾತು ಬರುತ್ತದೆ ಹೋಗುತ್ತದೆ, ಯಾರದು ತಪ್ಪು, ಮೊದಲು ಅದನ್ನು ಹೇಳಿ ಎಂದರು.

"ತಪ್ಪು ಇವ್ನ್ದು" ಎಂದು ಮಾವ ನನ್ನ ಕಡೆ ಕೈ ತೋರಿಸಿದರು.

ಏಳೂ ಜನ ನನ್ನ ಕಡೆ ತಿರುಗಿದರು. ನಮ್ಮಪ್ಪ ಎದ್ದೇ ನಿಂತರು. ಮಾವ ನಿಧಾನವಾಗಿ ಆಸ್ಪತ್ರೆ ಕಾರ್ಡಿನ ಅರ್ಜಿಯಿಂದ ಶುರು ಮಾಡಿ ಎಲ್ಲ ಹೇಳಿದರು. ನಾನು ಬರೆದ ಮನೆಕೆಲಸ ಎಂಬ ಮಾತನ್ನೂ, ಅವತ್ತು ಊಟದ ಹೊತ್ತಿನಲ್ಲಿ ಅತ್ತೆ ಕೇಳಿದ ಮಾತನ್ನೂ ಬಿಡಲಿಲ್ಲ. ಕೇಳುತ್ತಾ ಕೇಳುತ್ತಾ ಹಿರಿಯರು ತಲೆ ತಗ್ಗಿಸಿದರು. ಅವರವರ ಮನೆಯ ಅರ್ಜಿಗಳು ನೆನಪಾಗಿರಬೇಕು. ಗಂಡ ಹೆಂಡತಿಯ ಜಗಳ ಬಿಡಿಸಲು ಬಂದವರು ಕೊನೆಗೆ ನನ್ನನ್ನೇ ಕೂರಿಸಿಕೊಂಡು ಬುದ್ಧಿ ಹೇಳಿದರು. ಓದಿದವನಿಗೆ ಇಷ್ಟು ತಿಳಿಯಬೇಡವೇ ಎಂದು ಕೇಳಿದರು. ಹಾಗೆ ಕೇಳಿದವರಲ್ಲಿ ನಮ್ಮಪ್ಪನೂ ಒಬ್ಬರು.

ಅತ್ತೆ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

"ಅದ್ನ ಇನ್ನೂವೆ ಮನಸ್ಸಲ್ಲಿ ಮಡಿಕ್ಕಂಡಿದ್ರಾ?" ಎಂದು ಮಾವನನ್ನು ಕೇಳಿದರು. ಮಾವ ಹೂಂ ಎಂದರು. ಅತ್ತೆ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಕಾಫಿಯ ತಟ್ಟೆ ಇತ್ತು, ಕಣ್ಣು ಕೆಂಪಗಿದ್ದವು. ಮೊದಲ ಲೋಟವನ್ನು ಹಿರಿಯರನ್ನೂ ಅಣ್ಣನನ್ನೂ ದಾಟಿಕೊಂಡು ಹೋಗಿ ಗಂಡನ ಮುಂದೆ ಇಟ್ಟರು. ನಮ್ಮ ಕಡೆ ಅದು ಮರ್ಯಾದೆಯಲ್ಲ, ಆದರೂ ಅವತ್ತು ಯಾರೂ ಆಕ್ಷೇಪಿಸಲಿಲ್ಲ.

ಆಮೇಲೆ ದಾನಪತ್ರ, ನೋಂದಣಿ, ಹೊಲಕ್ಕೆ ಬೇರೆ ನಂಬರು ಹಾಕಿಸುವ ಪೋಡಿ, ಖಾತೆ ಬದಲಾವಣೆ. ಹತ್ತು ಗುಂಟೆಗೆ ಒಂದು ವರ್ಷದ ಮೇಲೆ ಹಿಡಿಯಿತು. ಓಡಾಡಿದವನು ನಾನು. ಚಕಾರ ಎತ್ತಲಿಲ್ಲ, ನನ್ನ ಪಾಪ ನಾನೇ ತೊಳೆದುಕೊಳ್ಳಬೇಕಿತ್ತಲ್ಲ. ಕೊನೆಗೆ ಅತ್ತೆಯ ಹೆಸರಿನ ಪಹಣಿ ನನ್ನ ಪ್ರಿಂಟರಿನಿಂದಲೇ ಹೊರಗೆ ಬಂತು. ಉಳಿದದ್ದು ರೈತರ ನೋಂದಣಿ ಒಂದೇ. ಅತ್ತೆಯನ್ನು ಅದೇ ಸ್ಟೂಲಿನ ಮೇಲೆ ಕೂರಿಸಿ ಹೆಬ್ಬೆಟ್ಟು ಇಡಿ ಎಂದೆ. ಮಿಷನ್ ಒಪ್ಪಲಿಲ್ಲ. ಒರೆಸಿ ಇಡಿ ಎಂದೆ, ಒಪ್ಪಲಿಲ್ಲ. ಎಡಗೈ, ಬಲಗೈ, ತೋರುಬೆರಳು, ಹತ್ತೂ ಬೆರಳು ಆಯಿತು. ಕಳೆ ಕಿತ್ತೂ ಕಿತ್ತೂ ಅವರ ಬೆರಳಿನಲ್ಲಿ ಗೆರೆ ಎನ್ನುವುದೇ ಉಳಿದಿರಲಿಲ್ಲ. ರೈತಳು ಎಂದು ಬರೆಸಲು ಬಂದವರನ್ನು, ರೈತಳಾಗಿದ್ದ ತಪ್ಪಿಗೇ ಮಿಷನ್ ಹೊರಗೆ ಹಾಕುತ್ತಿತ್ತು!

ಮಾವ ಆ ಬೆರಳುಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನಲವತ್ತು ವರ್ಷದಲ್ಲಿ ಅಂಗಡಿಯಲ್ಲಿ, ಹತ್ತು ಜನರ ಎದುರಿಗೆ, ಅವರು ಹೆಂಡತಿಯ ಕೈ ಹಿಡಿದದ್ದು ಅದೇ ಮೊದಲಿರಬೇಕು. ಅತ್ತೆ ನಾಚಿ ಕೈ ಎಳೆದುಕೊಂಡರು. ಕೊನೆಗೆ ಮೊಬೈಲಿಗೆ ನಂಬರು ತರಿಸಿಕೊಂಡು ಕೆಲಸ ಮುಗಿಸಿದೆ. ಉದ್ಯೋಗ ಎಂಬಲ್ಲಿಗೆ ಬಂದಾಗ ಈ ಸಲ ಅತ್ತೆಯನ್ನು ಕೇಳಿದೆ.

"ಬೇಸಾಯ" ಎಂದರು.

ಆ ವರ್ಷ ಮಳೆ ತಡವಾಯಿತು. ಬೆಳೆ ಎಲ್ಲರದೂ ಅರ್ಧಕ್ಕರ್ಧ ಹೋಯಿತು, ಈ ಸಲ ಎಂಟನೆಯ ಸಾಲೂ ಉಳಿಯಲಿಲ್ಲ. ಪರಿಹಾರ ಬಂದಾಗ ಒಂದೇ ದಿನ ಎರಡು ಫೋನು ಟಿಣ್ ಎಂದವು. ಮಾವನಿಗೆ ಈ ಸಲ ಹತ್ತು ಗುಂಟೆಯಷ್ಟು ಕಡಿಮೆ ಬಂದಿತ್ತು. ಕಡಿಮೆ ಬಂತು ಕಣ್ಲಾ, ಸರಿಯಾಗಿ ಬಂತು ಎಂದು ಅಂಗಡಿಗೆ ಬಂದು ಎಲ್ಲರಿಗೂ ತೋರಿಸಿದರು. ಸಾಲಿನಲ್ಲಿ ನಿಂತಿದ್ದವರು ಅವರಿಂದ ಎರಡು ಹೆಜ್ಜೆ ದೂರ ಸರಿದರು. ಅತ್ತೆಗೆ ಬಂದದ್ದು ಒಂದು ಸಾವಿರ ಚಿಲ್ಲರೆ. ಸಂದೇಶ ಓದಲು ಫೋನನ್ನು ನನ್ನ ಕೈಗೆ ಕೊಟ್ಟರು. ಪ್ರಿಯ ರೈತರೇ ಎಂದು ಶುರುವಾಗಿತ್ತು. ಓದಿದೆ. ದುಡ್ಡು ಎಷ್ಟು ಎಂಬ ಕಡೆ ಅವರ ಗಮನವಿರಲಿಲ್ಲ, ಮೊದಲನೆಯ ಎರಡು ಪದವನ್ನು ಇನ್ನೊಂದು ಸಲ ಓದು ಎಂದರು. ನಾನು ಮೂರು ಸಲ ಓದಿದೆ.

ಮುಂದಿನ ಬಿತ್ತನೆಗೆ ಮೊದಲು ಇಬ್ಬರೂ ಸಬ್ಸಿಡಿ ಬೀಜಕ್ಕೆಂದು ರೈತ ಸಂಪರ್ಕ ಕೇಂದ್ರಕ್ಕೆ ಹೋದರು. ಕಾಗದ ಪತ್ರ ನೋಡಿಕೊಳ್ಳಲು ನಾನೂ ಹೋದೆ. ಮಾವ ತಮ್ಮ ಪಾಲಿನ ರಾಗಿ ಬೀಜ ತೆಗೆದುಕೊಂಡರು. ಅತ್ತೆಯ ಸರದಿ ಬಂತು. ಹತ್ತು ಗುಂಟೆ ತುಂಬ ಅವರೆ, ತೊಗರಿ ಹಾಕುತ್ತಾರೆ, ಇಷ್ಟು ವರ್ಷದ ಆಸೆ ತೀರಿಸಿಕೊಳ್ಳುತ್ತಾರೆ ಎಂದು ಮಾವನೂ ನಾನೂ ಬಸ್ಸಿನಲ್ಲಿ ಮಾತಾಡಿಕೊಂಡಿದ್ದೆವು.

"ರಾಗಿ ಕೊಡಿ ಸಾ" ಎಂದರು ಅತ್ತೆ.

ಮಾವ ಹಿಂದಿನಿಂದ ಬಗ್ಗಿ, ರಾಗಿ ನಾನು ಹೇಗೂ ಹಾಕುತ್ತೇನಲ್ಲ, ನೀನು ಅವರೆ ತಗೋ ಎಂದು ಪಿಸುಗುಟ್ಟಿದರು.

"ಅದು ನಿಮ್ಮ ಒಲ. ಇದು ನಂದು" ಎಂದರು ಅತ್ತೆ, ತಿರುಗಿಯೂ ನೋಡದೆ. ಮಾವ ತಮ್ಮ ಬೀಜದ ಚೀಲ ಹೆಗಲಿಗೇರಿಸಿಕೊಂಡರು. ಇಷ್ಟೆಲ್ಲ ಮಾಡಿ ಕೊಟ್ಟರೆ ಅಕ್ಕಡಿಯನ್ನೇ ಬಿಟ್ಟುಬಿಟ್ಟಳಲ್ಲ ಎಂದು ಅವರಿಗೆ ಒಳಗೊಳಗೇ ಬೇಜಾರಾದದ್ದು ಮುಖದಲ್ಲಿ ಕಾಣುತ್ತಿತ್ತು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದರು.

ಬಿತ್ತನೆಯ ದಿನ ಭಾನುವಾರ. ಅಂಗಡಿ ಮುಚ್ಚಿ ನಾನೂ ಹೋಗಿದ್ದೆ. ಪಕ್ಕದ ಹೊಲದವರ ಎತ್ತು ಬಂದಿದ್ದವು. ಮಾವನ ಎಪ್ಪತ್ತು ಗುಂಟೆ ಮುಗಿಸಿ ಅತ್ತೆಯ ಹತ್ತು ಗುಂಟೆಗೆ ಬಂದರು. ಅಲ್ಲಿ ಯಜಮಾನಿಕೆ ಅತ್ತೆಯದು. ಬದುವಿನ ಮೇಲೆ ನಿಂತು, ಹತ್ತಿರ ಬಿಡಬೇಡ, ಒಂದೇ ಸಮ ಹೊಡಿ ಎಂದು ಎತ್ತಿನವನಿಗೆ ಹೇಳುತ್ತಿದ್ದರು. ಮಾವ ಬೇಲಿ ಬದಿಯ ಹೊಂಗೆ ನೆರಳಿನಲ್ಲಿ ಸುಮ್ಮನೆ ಕೂತಿದ್ದರು. ಏಳು ಸಾಲು ರಾಗಿ ಬಿತ್ತಿದ್ದಾಯಿತು. ಅತ್ತೆ ಎತ್ತು ನಿಲ್ಲಿಸಿದರು.

ಆಗಲೇ ನಾನು ಗಮನಿಸಿದ್ದು. ಅತ್ತೆಯ ಮಡಿಲು ತುಂಬಿತ್ತು. ಅವರು ನೆರಳಿಗೆ ಹೋಗಿ, ಟವಲ್ಲು ಒಡ್ಡಿ ಎಂದು ಮಾವನಿಗೆ ಹೇಳಿದರು. ಮಾವ ಏನು ಎತ್ತ ಎಂದು ತಿಳಿಯದೆ ಹೆಗಲ ಟವಲ್ಲು ತೆಗೆದು ಒಡ್ಡಿದರು. ಅತ್ತೆ ಮಡಿಲಿನ ಬೀಜವನ್ನೆಲ್ಲ ಅದಕ್ಕೆ ಸುರಿದರು. ಅವರೆ, ತೊಗರಿ, ಅಲಸಂದೆ, ಎಲ್ಲ ಬೂದಿ ಸವರಿ ವರ್ಷವಿಡೀ ಕಾಪಾಡಿಟ್ಟ ಬೀಜ.

"ನನ್ನೊಲದಲ್ಲಿ ಎಂಟನೇ ಸಾಲು ನಿಮ್ದು" ಎಂದರು. "ಇದ್ರಲ್ಲಿ ಬಂದದ್ನ ನಾನು ಕೇಳಂಗಿಲ್ಲ."

ಅಧಿಕಾರಿಗೆ, ಡಾಕ್ಟರಿಗೆ, ಟಾರ್ಪಾಲು ಕೊಡುವವರಿಗೆ, ಏಳು ಜನ ಹಿರಿಯರಿಗೆ ಬಾಯಿ ಮುಚ್ಚದೆ ಉತ್ತರ ಕೊಟ್ಟ ಮನುಷ್ಯ ಟವಲ್ಲಿನ ಬೀಜವನ್ನು ಬೆರಳಿನಿಂದ ಸರಿಸಿ ಸರಿಸಿ ನೋಡುತ್ತಾ ನಿಂತರು. ನನಗೆ ತಡೆಯಲಾಗಲಿಲ್ಲ, ಬದುವಿನ ಆ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಮಾವನ ದನಿ ಕೇಳಿಸಿತು. ಆ ಅರವತ್ತೈದು ವರ್ಷದ ರೈತ ಹೆಂಡತಿಯನ್ನು ಕೇಳುತ್ತಿದ್ದರು, "ಎಂಗ್ ಬುಡ್ಬೇಕು ಇದ್ನ?"

"ನನ್ ಜೊತ್ಗೆ ಬನ್ನಿ, ತೋರುಸ್ತೀನಿ" ಎಂದರು ಅತ್ತೆ. ಎತ್ತು ಮುಂದೆ ಹೋದವು, ಅವರಿಬ್ಬರೂ ನೇಗಿಲ ಹಿಂದೆ ನಡೆದರು.